ಸೂಲಿಬೆಲೆ ರಸ್ತೆಯ ಉಪ್ಪುಗಾಳಿ

ಹೊಸಕೋಟೆಯಿಂದ ಸೂಲಿಬೆಲೆಗೆ ಹೋಗುವ ರಸ್ತೆಯಲ್ಲಿ, ಹಿಂದೆ ಆದಿನಾರಾಯಣಪ್ಪನವರ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ‘ಸಾಗರ ವಿಹಾರ’ ಎಂಬ ಬಡಾವಣೆ ಇದೆ. ಅಲ್ಲಿಂದ ಹತ್ತಿರದ ಸಾಗರಕ್ಕೆ ಮುನ್ನೂರು ಕಿಲೋಮೀಟರು. ಹೆಬ್ಬಾಗಿಲಿನ ಎರಡು ಕಡೆ ಸಿಮೆಂಟಿನ ಡಾಲ್ಫಿನ್‌ಗಳಿವೆ. ಇಟ್ಟಿಗೆ ಲಾರಿಯೊಂದು ತಗುಲಿ ಒಂದರ ಮೂತಿ ಮುರಿದ ಮೇಲೆ ಅದು ಹಂದಿಯ ಹಾಗೆ ಕಾಣುತ್ತದೆ. ಒಳಗೆ ನಲವತ್ತೆರಡು ಮನೆ. ಬೀದಿಗಳಿಗೆ ಮುತ್ತು, ಹವಳ, ಶಂಖ ಎಂದು ಹೆಸರು. ಮಳೆಗಾಲದಲ್ಲಿ ಹವಳ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಹೆಸರಿಗೂ ಜಾಗಕ್ಕೂ ಸಂಬಂಧ ಕಾಣುವುದು ಆಗ ಮಾತ್ರ.

ಬಡಾವಣೆಯ ಸಂಘದ ಅಧ್ಯಕ್ಷ ಆದಿನಾರಾಯಣಪ್ಪನವರ ಮಗ ವೇಣುಗೋಪಾಲ್. ತಂದೆ ಚಪ್ಪರ ಕಟ್ಟಿ, ಔಷಧಿ ಹೊಡೆದು, ವ್ಯಾಪಾರಿಗಳ ಜೊತೆ ಜಗಳವಾಡಿ ಬೆಳೆಸಿದ ತೋಟವನ್ನು ಮಗ ಒಂದು ಸಹಿಯಲ್ಲಿ ಬಡಾವಣೆ ಮಾಡಿಸಿದ. ಒಂದು ಸಹಿಯಿಂದ ಇಷ್ಟೆಲ್ಲ ಆಗುತ್ತದೆಂದು ಕಂಡ ಮೇಲೆ ಅವನಿಗೆ ತನ್ನ ಸಹಿಯ ಮೇಲೆ ಬಲವಾದ ನಂಬಿಕೆ ಹುಟ್ಟಿತು. ವಾರಕ್ಕೊಂದು ಸುತ್ತೋಲೆ ಹೊರಡಿಸುತ್ತಿದ್ದ. ಬಟ್ಟೆ ಯಾವ ಕಡೆ ಒಣಹಾಕಬೇಕು, ಹಾಲಿನವರು ಯಾವ ಗೇಟಿನಿಂದ ಬರಬೇಕು, ಮನೆಗೆಲಸದವರು ಯಾವ ಬೆಂಚಿನ ಮೇಲೆ ಕೂರಬಾರದು, ಎಲ್ಲಕ್ಕೂ ಒಂದೊಂದು ನಂಬರು, ಕೆಳಗೆ ದೊಡ್ಡದಾಗಿ ಸಹಿ.

ಎರಡು ವರ್ಷದ ಹಿಂದೆ ಚೆನ್ನೈ ಕಡೆಯ ಒಂದು ಎಸಿ ಕಂಪನಿಯವರು ಬಂದರು. ಬೇಸಿಗೆಯಲ್ಲಿ ತಂಪು, ಡಿಸೆಂಬರಿನ ಚಳಿಯಲ್ಲಿ ಬಿಸಿ ಎರಡನ್ನೂ ಕೊಡುವ ಯಂತ್ರಗಳನ್ನು ಎಲ್ಲ ಮನೆಗೂ ಒಟ್ಟಿಗೆ ಹಾಕಿಕೊಡುತ್ತೇವೆ ಎಂದರು. ಜೊತೆಗೆ ‘ಕರಾವಳಿ ರಕ್ಷಣೆ’ ಎಂಬ ವಿಶೇಷ ಸೌಲಭ್ಯವಿತ್ತು. ಮನೆಯ ಹೊರಗೆ ಕೂರಿಸುವ ಪೆಟ್ಟಿಗೆಯ ಒಳಗಿನ ಕಾಯಿಲ್‌ಗೆ ನೀಲಿ ಬಣ್ಣದ ಕೋಟಿಂಗ್, ತುಕ್ಕು ಹಿಡಿಯದ ಸ್ಕ್ರೂ, ಪ್ರತಿ ವಾರ ಹೇಗೆ ತೊಳೆಯಬೇಕೆಂದು ತಿಳಿಸುವ ಒಂದು ಪುಸ್ತಕ. ಟೈ ಕಟ್ಟಿದ ಕಂಪನಿಯ ಮನುಷ್ಯ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ನಕ್ಷೆ ಬಿಟ್ಟು, ಬಂಗಾಳ ಕೊಲ್ಲಿಯಿಂದ ಹೊರಟ ಬಾಣಗಳು ವೆಲ್ಲೂರು, ಕೋಲಾರ ದಾಟಿ ನೇರ ಸಾಗರ ವಿಹಾರಕ್ಕೆ ಬಂದು ಚುಚ್ಚುವುದನ್ನು ತೋರಿಸಿದ. ಉಪ್ಪುಗಾಳಿ ಅಲೆ ಅಲೆಯಾಗಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಎಂದ. ಹಾಗಾದರೆ ಕೋಲಾರದ ಎಸಿಗಳಿಗೆ ಏನೂ ಆಗಿಲ್ಲವಲ್ಲ ಎಂದು ಯಾರೋ ಕೇಳಿದರು. ಅಲ್ಲಿಯ ಜನರಲ್ಲಿ ಅರಿವು ಕಡಿಮೆ ಎಂದು ಅವನು ಉತ್ತರ ಕೊಟ್ಟ. ಅರಿವುಳ್ಳ ನಲವತ್ತೆರಡು ಮನೆಯವರು ಒಪ್ಪಿಕೊಂಡರು. ವೇಣುಗೋಪಾಲ್ ಸಹಿ ಹಾಕಿದ.

ಪುಸ್ತಕದಲ್ಲಿ ಹೇಳಿದ್ದಂತೆ ವಾರಕ್ಕೊಮ್ಮೆ ಯಂತ್ರಗಳನ್ನು ತೊಳೆಯುವ ಕೆಲಸ ಮುನಿಲಕ್ಷ್ಮಮ್ಮನ ಪಾಲಿಗೆ ಬಂತು. ಸೂಲಿಬೆಲೆ ಪಕ್ಕದ ಹಳ್ಳಿಯವಳು, ಐವತ್ತು ದಾಟಿದ ಹೆಂಗಸು, ಬಡಾವಣೆಯ ಗಿಡಗಳನ್ನು ಅದಾಗಲೇ ಮೂರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು. ಶನಿವಾರ ಬೆಳಿಗ್ಗೆ ಪೈಪು ಎಳೆದುಕೊಂಡು ಮನೆಯಿಂದ ಮನೆಗೆ ಹೋಗಿ, ಯಾವ ಗಾಳಿಯೂ ತಂದು ಹಾಕದಿದ್ದ ಉಪ್ಪನ್ನು ತೊಳೆಯುತ್ತಿದ್ದಳು. ಮೊದಲ ವರ್ಷ ಏನೂ ಆಗಲಿಲ್ಲ. ಎರಡನೇ ವರ್ಷದ ಫೆಬ್ರವರಿಯಲ್ಲಿ ಮುತ್ತು ಬೀದಿಯ ಮೂರು ಎಸಿಗಳು ಒಂದೇ ವಾರದಲ್ಲಿ ನಿಂತವು. ಮಾರ್ಚ್ ಬರುವಷ್ಟರಲ್ಲಿ ಹದಿನೇಳು. ಕಂಪನಿಯ ಫೋನು ಎತ್ತುವವರಿರಲಿಲ್ಲ. ಆಗ ಬಡಾವಣೆಯ ಮೇಲ್ವಿಚಾರಕ ಕೆಂಪರಾಜ್, ಹೊಸಕೋಟೆಯ ಹಳೇ ಮದರಾಸು ರಸ್ತೆಯಲ್ಲಿ ಎಸಿ ರಿಪೇರಿ ಅಂಗಡಿ ಇಟ್ಟಿರುವ ಹಬೀಬುಲ್ಲಾನನ್ನು ಕರೆತಂದ.

ಹಬೀಬುಲ್ಲಾನಿಗೆ ಐವತ್ತೆಂಟು ವರ್ಷ. ವಯಸ್ಸಿನಲ್ಲಿದ್ದಾಗ ಹನ್ನೊಂದು ವರ್ಷ ಮಂಗಳೂರಿನಲ್ಲಿ ಸಮುದ್ರಕ್ಕೆ ಮುಖ ಮಾಡಿದ ಹೋಟೆಲುಗಳ ಎಸಿ ನೋಡಿಕೊಂಡಿದ್ದವನು. ಉಪ್ಪುಗಾಳಿ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಅಲ್ಲಿ ಎರಡು ಮಳೆಗಾಲ ಕಳೆಯುವುದರೊಳಗೆ ಕಾಯಿಲ್‌ನ ತೆಳ್ಳಗಿನ ಅಲ್ಯೂಮಿನಿಯಂ ಎಸಳುಗಳು ಸುಟ್ಟ ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಗುವುದನ್ನು ನೂರು ಸಲ ಕಂಡಿದ್ದ. ಕೆಲಸದಲ್ಲಿ ಚೊಕ್ಕ, ಬಾಯಿ ಮಾತ್ರ ಕೆಟ್ಟದ್ದು. ಗಿರಾಕಿಯ ದಡ್ಡತನವನ್ನು ಗಿರಾಕಿಯ ಮುಖಕ್ಕೇ ಹೇಳದಿದ್ದರೆ ಅವನಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಡಾಲ್ಫಿನ್ ಕಂಡಾಗಲೇ ಅವನ ಮುಖ ಸೊಟ್ಟಗಾಗಿತ್ತು. ವೇಣುಗೋಪಾಲ್ ಕಂಪನಿಯ ಪುಸ್ತಕ ತಂದು ಕೈಗಿಟ್ಟು, ಬಂಗಾಳ ಕೊಲ್ಲಿಯ ಗಾಳಿಯ ಬಗ್ಗೆ ವಿವರಿಸಿದಾಗ ಹಬೀಬುಲ್ಲಾ ಜೋರಾಗಿ ನಕ್ಕುಬಿಟ್ಟ. ವಾಕಿಂಗಿಗೆ ಬಂದಿದ್ದ ಹತ್ತಾರು ಜನ ಸುತ್ತ ನಿಂತಿದ್ದರು. ಕೇಳುವವರಿದ್ದಾರೆಂದು ಅವನಿಗೆ ಇನ್ನಷ್ಟು ಹುರುಪು ಬಂತು. ಉಪ್ಪುಗಾಳಿ ಸಮುದ್ರದಿಂದ ನಾಲ್ಕು ಮೈಲಿ ಬರುವುದರೊಳಗೆ ಸುಸ್ತಾಗಿ ಕೂರುತ್ತದೆ ಎಂದ. ಇಲ್ಲಿಯವರೆಗೆ ಬರಬೇಕಾದರೆ ಕೋಲಾರದಲ್ಲಿ ಬಸ್ಸು ಹತ್ತಿ ಬರಬೇಕು ಎಂದ. ಈ ನೀಲಿ ಕೋಟಿಂಗ್ ಎಂಬುದು ಕಬ್ಬಿಣದ ಗೇಟಿಗೆ ಬಳಿಯುವ ಬಣ್ಣ, ಎಸಳುಗಳ ಸಂದು ಮುಚ್ಚಿ ಗಾಳಿಯಾಡದ ಹಾಗೆ ಮಾಡುವುದಕ್ಕಷ್ಟೇ ಪ್ರಯೋಜನ ಎಂದ. ಓದಿದವರು, ದೊಡ್ಡ ಕೆಲಸದವರು, ನಲವತ್ತೆರಡು ಮನೆಯಲ್ಲಿ ಒಬ್ಬರಿಗೂ ಭೂಪಟ ನೋಡಬೇಕೆನಿಸಲಿಲ್ಲವೇ ಎಂದು ಕೇಳಿದ. ವೇಣುಗೋಪಾಲನ ಕಿವಿ ಕೆಂಪಾಯಿತು.

ಆಮೇಲೆ ಹಬೀಬುಲ್ಲಾ ಒಂದು ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. ಎಸಳುಗಳು ತಿಂದುಹೋಗಿದ್ದವು. ಮೇಲೆಲ್ಲ ಬಿಳಿಯ ಪದರ, ತಾಮ್ರದ ಬೆಸುಗೆಗಳ ಸುತ್ತ ಹಸಿರು ಕಿಲುಬು. ಗ್ಯಾಸೆಲ್ಲ ಸೋರಿಹೋಗಿತ್ತು. ಮಂಗಳೂರಿನಲ್ಲಾಗಿದ್ದರೆ ನೋಡಿದ ಕೂಡಲೇ ಉಪ್ಪು ಎನ್ನುತ್ತಿದ್ದ. ಆದರೆ ಇಲ್ಲಿ ಉಪ್ಪು ಬರಲು ಸಾಧ್ಯವೇ ಇಲ್ಲವೆಂದು ಕಾಲು ಗಂಟೆಯಿಂದ ಹತ್ತು ಜನರೆದುರು ಭಾಷಣ ಮಾಡಿದ್ದವನು ಅವನೇ. ತಿಂದುಹೋದದ್ದಕ್ಕೆ ಬೇರೆ ಕಾರಣ ಬೇಕಿತ್ತು. ತೊಳೆಯುವವರು ಯಾರು ಎಂದು ಕೇಳಿದ. ಕೆಂಪರಾಜ್ ಮುನಿಲಕ್ಷ್ಮಮ್ಮನ ಹೆಸರು ಹೇಳಿದ.

“ಯಾವ್ದೋ ಆಸಿಡ್ ಹೊಡ್ದವ್ಳೆ ಆಯಮ್ಮ. ಬಚ್ಚಲು ತೊಳೆಯೋದು ಇರುತ್ತಲ್ಲ, ಅದನ್ನ. ಅಂಥೋರ್ ಕೈಗೆ ಮಿಷನ್ ಕೊಟ್ರೆ ಇನ್ನೇನಾಗ್ತದೆ? ಮೊದ್ಲು ಆಯಮ್ಮನ್ನ ಮನೆಗೆ ಕಳ್ಸಿ,” ಎಂದ ಹಬೀಬುಲ್ಲಾ.

ಅಷ್ಟು ಹೇಳಿ ಕೈ ಒರೆಸಿಕೊಂಡು ಸ್ಕೂಟರು ಹತ್ತಿದ. ಮುನಿಲಕ್ಷ್ಮಮ್ಮನನ್ನು ಅವನು ಕಂಡಿರಲೇ ಇಲ್ಲ. ಆಕೆ ಆ ಹೊತ್ತಿನಲ್ಲಿ ಶಂಖ ಬೀದಿಯ ಕೊನೆಯಲ್ಲಿ ಹುಲ್ಲು ಕೀಳುತ್ತಿದ್ದಳು.

ಅಷ್ಟು ಹೊತ್ತು ಮುಖ ಕಳೆದುಕೊಂಡು ನಿಂತಿದ್ದ ವೇಣುಗೋಪಾಲನಿಗೆ ಆ ಮಾತು ಜೀವ ಕೊಟ್ಟಿತು. ಕಂಪನಿಯನ್ನು ನಂಬಿ ತಾನು ಮೋಸಹೋದದ್ದರ ಬಗ್ಗೆ ಇನ್ನು ಯಾರೂ ಮಾತಾಡಬೇಕಾಗಿರಲಿಲ್ಲ. ಸಂಜೆಯೊಳಗೆ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಸುತ್ತೋಲೆ ಬಂತು. ‘ನುರಿತ ತಂತ್ರಜ್ಞರ ಅಭಿಪ್ರಾಯದಂತೆ’ ಎಂದು ಶುರುವಾಗಿ, ತೋಟದ ಕೆಲಸದ ಮುನಿಲಕ್ಷ್ಮಮ್ಮ ಎಂಬಾಕೆ ಆಸಿಡ್ ಬಳಸಿ ನಿವಾಸಿಗಳ ಯಂತ್ರಗಳನ್ನು ಹಾಳುಮಾಡಿರುವುದರಿಂದ ಆಕೆಯನ್ನು ಕೂಡಲೇ ತೆಗೆದುಹಾಕಲಾಗಿದೆ, ಬೇರೆ ಬಡಾವಣೆಯವರೂ ಎಚ್ಚರಿಕೆಯಿಂದಿರಬೇಕು ಎಂದಿತ್ತು. ಕೆಳಗೆ ಆಕೆಯ ಫೋಟೊ. ಬಕೆಟ್ ಹಿಡಿದು ನಿಂತಿರುವ, ಬಿಸಿಲಿಗೆ ಕಣ್ಣು ಕಿರಿದು ಮಾಡಿರುವ ಫೋಟೊ. ಐದು ವರ್ಷ ಅವಳ ಕೈಯಿಂದ ಕರಿಬೇವು, ಕನಕಾಂಬರ ಇಸಿದುಕೊಂಡ ಮನೆಯವರು ಅದಕ್ಕೆ ಹೆಬ್ಬೆರಳು ಒತ್ತಿದರು. ಯಾರೋ ಅದನ್ನು ಮುಂದಕ್ಕೆ ಕಳಿಸಿದರು. ಎರಡು ದಿನದಲ್ಲಿ ಅದು ಅವಳ ಊರಿನ ಡೇರಿಯ ಗುಂಪಿಗೆ ಬಂತು. ಅವಳು ಹಾಲು ಹಾಕಲು ಹೋದಾಗ ಸಾಲಿನಲ್ಲಿದ್ದವರು ಮಾತು ನಿಲ್ಲಿಸಿದರು.

ಆ ಶುಕ್ರವಾರ ನಮಾಜು ಮುಗಿಸಿ ಹಬೀಬುಲ್ಲಾ ಅಂಗಡಿ ತೆರೆಯುತ್ತಿದ್ದಾಗ ಹೆಂಗಸೊಬ್ಬಳು ಬಂದು ಮೆಟ್ಟಿಲ ಹತ್ತಿರ ನಿಂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಫ್ಯಾನೋ ಮಿಕ್ಸಿಯೋ ತಂದಿರಬೇಕೆಂದುಕೊಂಡು, ಇಲ್ಲಿ ಬರೀ ಎಸಿ, ಫ್ರಿಜ್ ಮಾತ್ರ ಎಂದ. ಆಕೆ ಚೀಲದಿಂದ ನೀರು ತುಂಬಿದ ಒಂದು ಬಾಟಲಿ ತೆಗೆದು ಬೆಂಚಿನ ಮೇಲಿಟ್ಟಳು.

“ಸಾಬ್ರೇ, ನಾನು ಮುನಿಲಕ್ಷ್ಮಮ್ಮ. ಆಸಿಡ್ ಹೊಡ್ದವಳು,” ಎಂದಳು.

ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೂ ಬಾಯಿ ಸುಮ್ಮನಿರಲಿಲ್ಲ. ಕೆಲಸ ಹೋದರೆ ಅಧ್ಯಕ್ಷರನ್ನು ಕೇಳಬೇಕು, ನನ್ನ ಹತ್ತಿರ ಬಂದರೆ ಏನು ಉಪಯೋಗ ಎಂದು ಗೊಣಗಿದ.

“ಕೆಲ್ಸ ಕೇಳೋಕ್ ಬಂದಿಲ್ಲ. ನಾನು ಮಿಷನ್‌ಗೆ ಹೊಡೀತಿದ್ದ ನೀರು ಇದೇಯ, ಕೆಂಪರಾಜನ್ನ ಕೇಳಿ ಹಿಡ್ಕೊಂಡ್ ಬಂದೆ. ಬಾಯ್ಗ್ ಹಾಕ್ಕೊಂಡ್ ನೋಡಿ.”

ಅವನು ಮುಚ್ಚಳ ತಿರುಗಿಸಿ ಮೂಸಿ ನೋಡಿದ. ವಾಸನೆಯಿರಲಿಲ್ಲ. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದ. ಮಂಗಳೂರಿನಲ್ಲಿ ಅಲೆ ಬಡಿದು ಬಾಯಿಗೆ ನುಗ್ಗಿದಾಗಲೂ ಅಷ್ಟು ಉಪ್ಪಾಗಿರಲಿಲ್ಲ. ಬಾಗಿಲ ಬಳಿ ಉಗುಳಿ ಬಂದು ಎಲ್ಲಿಯ ನೀರು ಎಂದು ಕೇಳಿದ.

ಆಕೆ ಹೇಳಿದ್ದು ಇಷ್ಟು. ಬಡಾವಣೆಯ ಬೋರ್‌ವೆಲ್ ನೀರು ಗಡಸು. ಸ್ನಾನ ಮಾಡಿದರೆ ಕೂದಲು ಅಂಟಾಗುತ್ತದೆಂದು ಅದನ್ನು ಮೆದು ಮಾಡುವ ಪ್ಲಾಂಟ್ ಹಾಕಿದ್ದಾರೆ. ಆ ಪ್ಲಾಂಟನ್ನು ಎರಡು ದಿನಕ್ಕೊಮ್ಮೆ ಮೂಟೆಗಟ್ಟಲೆ ಉಪ್ಪು ಕರಗಿಸಿದ ನೀರಿನಿಂದ ತೊಳೆಯುತ್ತಾರೆ. ತೊಳೆದ ನೀರು ಮೊದಲು ಮೋರಿಗೆ ಹೋಗುತ್ತಿತ್ತು. ಹೋದ ಬೇಸಿಗೆಯಲ್ಲಿ ಟ್ಯಾಂಕರು ಸಿಗದೆ ಪರದಾಡಿದಾಗ ಅಧ್ಯಕ್ಷರು ಅದನ್ನು ಒಂದು ತೊಟ್ಟಿಯಲ್ಲಿ ಹಿಡಿದು, ಹಸಿರು ಪೈಪು ಜೋಡಿಸಿ, ಯಂತ್ರಗಳನ್ನು ಇನ್ನು ಮೇಲೆ ಈ ನೀರಿನಲ್ಲೇ ತೊಳೆಯಬೇಕೆಂದು ಸುತ್ತೋಲೆ ಹೊರಡಿಸಿದರು. ಒಂದು ಹನಿಯೂ ಪೋಲಾಗದ ಬಡಾವಣೆ ಎಂದು ಯಾವುದೋ ಕ್ಲಬ್ಬಿನವರಿಂದ ಶಾಲು ಹೊದಿಸಿಕೊಂಡು ಬಂದರು. ಆ ಪೈಪಿನ ನೀರು ಬಿದ್ದ ಕಡೆ ತನ್ನ ಸೇವಂತಿಗೆ, ದಾಸವಾಳ ಎಲ್ಲ ಸುಟ್ಟುಹೋದವು. ಕೆಂಪರಾಜನಿಗೆ ಹೇಳಿದಳು. ಕೆಂಪರಾಜ್ ಅಧ್ಯಕ್ಷರಿಗೆ ಹೇಳಿದ. ಗೊಬ್ಬರ ಸಾಲದು ಎಂದು ಅಧ್ಯಕ್ಷರು ಉತ್ತರ ಕೊಟ್ಟರು. ಅಂದಿನಿಂದ ಅವಳು ಗಿಡಗಳಿಗೆ ಮಾತ್ರ ಬೇರೆ ನೀರು ಹೊತ್ತು ತಂದಳು. ಯಂತ್ರಕ್ಕೆ ಹೇಳಿದ್ದ ನೀರನ್ನೇ ಹೊಡೆದಳು.

ಹಬೀಬುಲ್ಲಾ ಬೆಂಚಿನ ಮೇಲೆ ಕೂತ. ಸಮುದ್ರವಿಲ್ಲದ ಊರಿನಲ್ಲಿ, ಸಮುದ್ರದ ಉಪ್ಪಿನಿಂದ ಕಾಪಾಡಲೆಂದು, ವಾರ ವಾರ ಉಪ್ಪುನೀರು ಹೊಡೆಸಿ ಯಂತ್ರ ಕೊಂದಿದ್ದಾರೆ. ಇಷ್ಟು ದೊಡ್ಡ ದಡ್ಡತನವನ್ನು ಅವನು ಮೂವತ್ತೈದು ವರ್ಷದಲ್ಲಿ ಕಂಡಿರಲಿಲ್ಲ. ಬೇರೆ ದಿನವಾಗಿದ್ದರೆ ಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದು ಹೇಳಿ ನಗುತ್ತಿದ್ದ. ಆದರೆ ಎದುರಿಗೆ ಆಕೆ ನಿಂತಿದ್ದಳು. ಆವತ್ತು ಯಂತ್ರದ ಮೇಲಿನ ಬಿಳಿ ಪದರವನ್ನು ಒಂದು ಬೆರಳಲ್ಲಿ ತೆಗೆದು ನಾಲಗೆಗೆ ಹಚ್ಚಿಕೊಂಡಿದ್ದರೆ ಅರ್ಧ ನಿಮಿಷದ ಕೆಲಸ. ಮಂಗಳೂರಿನಲ್ಲಿ ತನ್ನ ಕೈಕೆಳಗಿನವರಿಗೆ ಅವನೇ ಕಲಿಸಿದ್ದ ಪಾಠ ಅದು.

“ನೀವ್ ನನ್ನ ನೋಡೇ ಇಲ್ಲ. ನೋಡ್ದೇನೇ ಅಂದ್ಬಿಟ್ರಿ. ಅವ್ರು ನಿಮ್ಮ ಮಾತು ಅಂತಲೇ ಬರ್ದವ್ರೆ,” ಎಂದಳು ಮುನಿಲಕ್ಷ್ಮಮ್ಮ. ದನಿ ಏರಿರಲಿಲ್ಲ. ಆಮೇಲೆ ಹೊಸಕೋಟೆ ಬಸ್ ಸ್ಟಾಂಡಿನಲ್ಲಿ ಮೂರು ಗಂಟೆಯ ಬಸ್ಸು ಹಿಡಿಯಬೇಕೆಂದು ಹೇಳಿ ಹೊರಟುಹೋದಳು. ಬಾಟಲಿ ಬೆಂಚಿನ ಮೇಲೇ ಉಳಿಯಿತು.

ಅವನು ಅದನ್ನು ಮನೆಗೆ ತೆಗೆದುಕೊಂಡು ಹೋಗಿ ಒಲೆಯ ಮೇಲಿನ ಬಾಣಲೆಗೆ ಸುರಿದು ಕುದಿಸಿದ. ನೀರೆಲ್ಲ ಆವಿಯಾದ ಮೇಲೆ ತಳದಲ್ಲಿ ಎರಡು ಹಿಡಿಯಷ್ಟು ಬಿಳಿ ಪುಡಿ ನಿಂತಿತು. ಹೆಂಡತಿ ಜಹೀರುನ್ನೀಸಾ ತನ್ನ ಬಾಣಲೆ ಹಾಳಾಯಿತೆಂದು ಮೊದಲು ಬೈದಳು. ಏನು ನಡೆಯಿತೆಂದು ಕೇಳಿ ತಿಳಿದ ಮೇಲೆ ಬಾಣಲೆಯ ಮಾತು ಬಿಟ್ಟಳು. ಮದುವೆಯಾದಾಗಿನಿಂದ ಊರಿನವರೆಲ್ಲ ದಡ್ಡರು ಎಂದು ಕೇಳಿ ಕೇಳಿ ತನಗೆ ಸಾಕಾಗಿದೆ, ಆ ಪಟ್ಟಿಯಲ್ಲಿ ಈಗಲಾದರೂ ಒಂದು ಹೆಸರು ಸೇರಿಸಿಕೊಳ್ಳಿ ಎಂದು ತಮ್ಮ ಮನೆಮಾತು ದಖನಿಯಲ್ಲಿ ಹೇಳಿ, ಅವನಿಗೆ ಬಡಿಸಿ ಒಳಗೆ ಹೋದಳು. ಅವನು ಪುಡಿಯನ್ನು ಕೆರೆದು ಪೊಟ್ಟಣ ಕಟ್ಟಿದ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಾಗರ ವಿಹಾರದ ಸಂಘದ ಸಭೆ ಇತ್ತು. ನಿಂತುಹೋದ ಎಸಿಗಳನ್ನು ಏನು ಮಾಡುವುದೆಂಬುದೇ ವಿಷಯ. ಹಬೀಬುಲ್ಲಾನನ್ನು ವೇಣುಗೋಪಾಲನೇ ಕರೆಸಿದ್ದ. ಕಂಪನಿಯ ಮೇಲೆ ದೂರು ಕೊಡುವ ಯೋಚನೆ ಬಿಟ್ಟು, ಆಸಿಡ್ಡಿನಿಂದಲೇ ಹಾಳಾಗಿದೆ ಎಂದು ಅವನಿಂದ ಒಂದು ಕಾಗದ ಬರೆಸಿಕೊಂಡು, ನಲವತ್ತೆರಡೂ ಮನೆಯ ರಿಪೇರಿ ಕೆಲಸವನ್ನು ಅವನಿಗೇ ಕೊಡುವುದೆಂದು ತೀರ್ಮಾನಿಸಿದ್ದ. ಅಂಗಡಿಗೆ ಎರಡು ವರ್ಷಕ್ಕಾಗುವಷ್ಟು ಕೆಲಸ ಅದು. ಸಭೆಗೆ ಮುಂಚೆ ಹೊರಗೆ ನಿಲ್ಲಿಸಿಕೊಂಡು ಇದನ್ನೆಲ್ಲ ಮೆಲ್ಲಗೆ ಹೇಳಿದ. ಹಬೀಬುಲ್ಲಾ ಕೇಳಿಸಿಕೊಂಡು, ಒಳಗೆ ಹೋಗಿ ಮಾತಾಡೋಣ ಎಂದಷ್ಟೇ ಹೇಳಿದ.

ಒಳಗೆ ಮೂವತ್ತು ಜನರಿದ್ದರು. ಗೋಡೆಯ ಮೇಲೆ ಹಡಗಿನ ಚಕ್ರ, ಬಲೆ, ಪ್ಲಾಸ್ಟಿಕ್ ನಕ್ಷತ್ರಮೀನು. ವೇಣುಗೋಪಾಲ್ ಎದ್ದು, ತಂತ್ರಜ್ಞರು ಈಗ ತಮ್ಮ ವರದಿ ಕೊಡುತ್ತಾರೆ ಎಂದ. ಹಬೀಬುಲ್ಲಾ ಚೀಲದಿಂದ ಎರಡು ಪೊಟ್ಟಣ ತೆಗೆದ. ಒಂದರಲ್ಲಿ ಬಾಣಲೆಯಿಂದ ಕೆರೆದ ಪುಡಿ, ಇನ್ನೊಂದರಲ್ಲಿ ಆ ಬೆಳಿಗ್ಗೆ ಮುತ್ತು ಬೀದಿಯ ಯಂತ್ರದಿಂದ ಕೆರೆದ ಪುಡಿ. ರುಚಿ ನೋಡುವವರು ನೋಡಬಹುದು ಎಂದ. ಯಾರೂ ಕೈ ಚಾಚಲಿಲ್ಲ. ಕೊನೆಗೆ ಹವಳ ಬೀದಿಯ ಹಲ್ಲಿನ ಡಾಕ್ಟರು ಅರ್ಪಿತ ಎದ್ದು ಬಂದು ಎರಡನ್ನೂ ನಾಲಗೆಯ ತುದಿಗೆ ಮುಟ್ಟಿಸಿ, ಎರಡೂ ಉಪ್ಪು ಎಂದಳು.

ಕೂತವರಲ್ಲಿ ಗುಜುಗುಜು ಎದ್ದಿತು. ವೇಣುಗೋಪಾಲನ ಮುಖ ಅರಳಿತು.

“ನೋಡಿದ್ರಾ? ಕಂಪನಿಯೋರು ಹೇಳಿದ್ದೂ ಅದೇನೇ. ಉಪ್ಪು. ಆವತ್ತು ಇವ್ರು ನಗಾಡಿದ್ರು.”

ಇಂಥ ತಲೆಗೆ ಯಾವ ಕಡೆಯಿಂದ ತೂತು ಕೊರೆಯಬೇಕೆಂದು ಹಬೀಬುಲ್ಲಾನಿಗೂ ತಿಳಿಯಲಿಲ್ಲ.

“ಸಾರ್, ಉಪ್ಪು ಸಮುದ್ರದಿಂದ ಬಂದಿಲ್ಲ. ನಿಮ್ಮ ತೊಟ್ಟಿಯಿಂದ ಬಂದಿರೋದು. ಹಸಿರು ಪೈಪಿನಿಂದ.” ಆಮೇಲೆ ಜನರ ಕಡೆ ತಿರುಗಿದ. “ನಾನು ಆವತ್ತು ಆಸಿಡ್ ಅಂದೆ. ತಪ್ಪು. ಸರಿಯಾಗ್ ನೋಡ್ದೇನೇ, ಪರೀಕ್ಷೆ ಮಾಡ್ದೇನೇ ಬಾಯಿಗ್ ಬಂದಿದ್ದು ಅಂದ್ಬಿಟ್ಟೆ. ಆಯಮ್ಮ ಏನೂ ಮಾಡಿಲ್ಲ. ನೀವು ಹೇಳಿದ್ ನೀರು ಹೊಡ್ದವ್ರೆ, ಅಷ್ಟೇಯ.”

ಹಸಿರು ಪೈಪಿನಲ್ಲಿ ತೊಳೆಯಬೇಕೆಂದು ಹೇಳಿದ್ದು ಯಾರು ಎಂದು ಅರ್ಪಿತ ಕೇಳಿದಳು. ಕೆಂಪರಾಜ್ ಗೋಡೆಗೊರಗಿ ನಿಂತಿದ್ದ. ಅವನಿಗೆ ಎರಡು ಮಕ್ಕಳು, ಬಡಾವಣೆಯ ಗೇಟಿನ ಪಕ್ಕದಲ್ಲೇ ಮನೆ. ಅಧ್ಯಕ್ಷರ ಮುಖ ನೋಡಿದ, ನೆಲ ನೋಡಿದ, ಆಮೇಲೆ ಹೇಳಿದ.

“ಸುತ್ತೋಲೆ ಇದೆ ಮೇಡಮ್. ನಂಬರ್ ಎಪ್ಪತ್ಮೂರು. ಗಿಡ ಸುಟ್ಟೋಯ್ತವೆ ಅಂತ ಆಯಮ್ಮ ಹೇಳಿದ್ರು. ನಾನೂ ಬಂದು ಹೇಳ್ದೆ.”

ಫೋನುಗಳು ಹೊರಗೆ ಬಂದವು. ಎಲ್ಲರೂ ಎಪ್ಪತ್ತಮೂರನೇ ಸುತ್ತೋಲೆಯನ್ನು ಹುಡುಕತೊಡಗಿದರು. ಒಂದು ವರ್ಷದಿಂದ ಎಲ್ಲರ ಕೈಯಲ್ಲೂ ಇದ್ದದ್ದು ಅದು. ಓದಿದವರು ಒಬ್ಬರೂ ಇರಲಿಲ್ಲ. ಓದದೆಯೇ ಹೆಬ್ಬೆರಳು ಒತ್ತಿದ್ದರು. ಈಗ ಕೆಳಗಿನ ದೊಡ್ಡ ಸಹಿಯನ್ನು ನೋಡಿ, ಅಧ್ಯಕ್ಷನನ್ನು ನೋಡಿ, ತಾವೂ ಒಪ್ಪಿಕೊಂಡಿದ್ದ ಗುರುತು ಅಲ್ಲೇ ಕಂಡು ಒಬ್ಬೊಬ್ಬರಾಗಿ ಫೋನು ಒಳಗಿಟ್ಟುಕೊಂಡರು. ವೇಣುಗೋಪಾಲ್ ಗಂಟಲು ಸರಿಮಾಡಿಕೊಂಡು, ನೀರಿನ ಉಳಿತಾಯ ಎಂಬುದು ದೊಡ್ಡ ವಿಷಯ, ಉದ್ದೇಶ ಒಳ್ಳೆಯದಿದ್ದಾಗ ಸಣ್ಣಪುಟ್ಟ ತಾಂತ್ರಿಕ ಏರುಪೇರು ಸಹಜ, ಇದನ್ನು ಇಲ್ಲಿಗೇ ಬಿಟ್ಟು ರಿಪೇರಿಯ ಮಾತಿಗೆ ಬರೋಣ ಎಂದ. ಮೂವತ್ತು ತಲೆಗಳಲ್ಲಿ ಇಪ್ಪತ್ತಾದರೂ ಅಲ್ಲಾಡಿದವು. ಅವರಿಗೆ ತಂಪು ಬೇಕಿತ್ತು. ಏಪ್ರಿಲ್ ಹತ್ತಿರ ಬಂದಿತ್ತು.

ರಿಪೇರಿಯ ಮಾತು ಆಮೇಲೆ ಎಂದ ಹಬೀಬುಲ್ಲಾ. ಆಕೆಯ ಫೋಟೊ ಹಾಕಿದ ಗುಂಪಿನಲ್ಲೇ ಆಕೆಯ ತಪ್ಪಿಲ್ಲವೆಂದು ಬರೆಯಬೇಕು, ಅಲ್ಲಿಯವರೆಗೆ ತಾನು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ, ಹೊಸಕೋಟೆಯಲ್ಲಿ ಎಸಿ ಕೆಲಸದವರೆಲ್ಲ ತನ್ನ ಕೈಯಲ್ಲಿ ಕಲಿತವರು, ಅವರೂ ಬಿಚ್ಚುವುದಿಲ್ಲ ಎಂದ. ಬೇರೆ ಕೆಲಸದವರ ಬಗ್ಗೆ ಹೇಳಿದ್ದು ಸುಳ್ಳು. ಅವರಲ್ಲಿ ಅರ್ಧ ಜನ ಅವನ ಬಾಯಿಗೆ ಹೆದರಿ ಮಾತು ಬಿಟ್ಟಿದ್ದರು. ಆದರೆ ಸಾಗರ ವಿಹಾರದವರಿಗೆ ಅದು ತಿಳಿದಿರಲಿಲ್ಲ. ಬಂಗಾಳ ಕೊಲ್ಲಿಯ ಬಾಣಗಳನ್ನು ನಂಬಿದವರಿಗೆ ಇದನ್ನು ನಂಬುವುದು ಕಷ್ಟವಾಗಲಿಲ್ಲ. ಅರ್ಪಿತ ಈಗಲೇ ಬರೆಯಿರಿ ಎಂದಳು. ಸೆಕೆಗೆ ಬೆವರುತ್ತಿದ್ದ ಇನ್ನೂ ನಾಲ್ಕು ಮಂದಿ ದನಿಗೂಡಿಸಿದರು.

ವೇಣುಗೋಪಾಲ್ ಕೂತು ಬರೆದ. ಬಹಳ ಹೊತ್ತು ಬರೆದ. ಅಳಿಸಿ ಬರೆದ. ಹಬೀಬುಲ್ಲಾನ ಫೋನಿಗೂ ಒಂದು ಪ್ರತಿ ಬಂತು. ಅದನ್ನು ಓದಿದವನ ತುಟಿ ಸೊಟ್ಟಗಾಯಿತು. ಹಸಿರು ಪೈಪಿನ ಸುದ್ದಿಯೇ ಇರಲಿಲ್ಲ. ತೊಟ್ಟಿಯ ಸುದ್ದಿಯಿಲ್ಲ, ಎಪ್ಪತ್ತಮೂರರ ಸುದ್ದಿಯಿಲ್ಲ. ಹೊರಗಿನ ಎಸಿ ಮೆಕ್ಯಾನಿಕ್ ಒಬ್ಬರು ಸರಿಯಾಗಿ ಪರೀಕ್ಷಿಸದೆ ಕೊಟ್ಟ ತಪ್ಪು ಅಭಿಪ್ರಾಯದಿಂದ ಮುನಿಲಕ್ಷ್ಮಮ್ಮನವರ ಮೇಲೆ ಸುಳ್ಳು ಆರೋಪ ಬಂದಿತ್ತು, ಅವರದು ಯಾವ ತಪ್ಪೂ ಇಲ್ಲ, ಸಂಘ ವಿಷಾದಿಸುತ್ತದೆ ಎಂದಿತ್ತು. ಆಕೆ ನಾಳೆಯಿಂದಲೇ ಕೆಲಸಕ್ಕೆ ಬರಬಹುದು ಎಂದೂ ಇತ್ತು. ಓದಿದರೆ ಎಲ್ಲ ಕೆಡಿಸಿದವನು ಹಬೀಬುಲ್ಲಾ ಒಬ್ಬನೇ, ಅಧ್ಯಕ್ಷ ಪಾಪ ಕಂಬನಿ ಒರೆಸಲು ಬಂದವನು.

ಅರ್ಪಿತ ಇದು ಅನ್ಯಾಯ, ತಿದ್ದಿಸಿ ಎಂದಳು. ಹಬೀಬುಲ್ಲಾ ತಲೆ ಅಲ್ಲಾಡಿಸಿದ. ಇವನಿಗೆ ತನ್ನ ತಪ್ಪು ಬರೆಯುವ ಕೈಯೇ ಇಲ್ಲ, ಕೂತರೆ ಸಂಜೆಯಾಗುತ್ತದೆ ಎಂದ. ತನ್ನ ಬಗ್ಗೆ ಬರೆದಿರುವುದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಅವನು ಮುನಿಲಕ್ಷ್ಮಮ್ಮನನ್ನು ಹುಡುಕಿಕೊಂಡು ಅವಳ ಊರಿಗೆ ಹೋದ. ಆಕೆ ಮನೆಯಲ್ಲಿರಲಿಲ್ಲ. ದೇವನಹಳ್ಳಿ ಕಡೆ ಒಂದು ಗುಲಾಬಿಯ ಪಾಲಿಹೌಸಿನಲ್ಲಿ ಶನಿವಾರದಿಂದ ಕೆಲಸಕ್ಕೆ ಸೇರಿದ್ದಾಳೆಂದು ಪಕ್ಕದ ಮನೆಯವರು ಹೇಳಿದರು. ಸ್ಕೂಟರಿನಲ್ಲಿ ಅಲ್ಲಿಗೆ ಹೋದ. ಬಿಳಿ ಪ್ಲಾಸ್ಟಿಕ್ಕಿನ ಚಾವಣಿಯ ಕೆಳಗೆ ಬೇಯುವ ಸೆಕೆ. ಹದಿನೈದು ಇಪ್ಪತ್ತು ಹೆಂಗಸರು ಸಾಲು ಸಾಲಾಗಿ ಕೂತು ಹೂವಿನ ಕಡ್ಡಿಗಳನ್ನು ಅಳತೆ ನೋಡಿ ಕಟ್ಟುತ್ತಿದ್ದರು. ಮುನಿಲಕ್ಷ್ಮಮ್ಮ ಎರಡನೇ ಸಾಲಿನಲ್ಲಿದ್ದಳು. ಅವನನ್ನು ಕಂಡು ಕೈ ನಿಲ್ಲಿಸಲಿಲ್ಲ.

ಅವನು ಹತ್ತಿರ ಹೋಗಿ, ಗುಂಪಿನಲ್ಲಿ ಹಾಕಿಸಿದ್ದೇನೆ, ಬೇಕಾದರೆ ಮತ್ತೆ ಅಲ್ಲಿಗೇ ಕೆಲಸಕ್ಕೆ ಹೋಗಬಹುದು ಎಂದು ಮೆಲ್ಲಗೆ ಹೇಳಿದ. ಅಲ್ಲಿಗೆ ಇನ್ನು ಹೋಗುವುದಿಲ್ಲ ಎಂದಳು. ಐದು ವರ್ಷ ತನ್ನ ಕೈ ನೋಡಿದವರು ಒಂದು ದಿನವೂ ತನ್ನನ್ನು ಕರೆದು ಕೇಳಲಿಲ್ಲ, ಅಂಥವರ ಗಿಡಕ್ಕೆ ನೀರು ಹಾಕುವುದಕ್ಕಿಂತ ಇಲ್ಲಿಯ ಸೆಕೆಯೇ ವಾಸಿ ಎಂದಳು. ಇನ್ನೊಂದು ಕಂತೆ ಕಟ್ಟಿ, ಏನು ಬರೆದಿದ್ದಾರೆ ಎಂದು ಕೇಳಿದಳು. ಅವನು ಫೋನು ಮುಂದೆ ಹಿಡಿದ.

“ನಂಗ್ ಓದಕ್ ಬರಲ್ಲ. ನೀವೇ ಓದಿ. ಜೋರಾಗ್ ಓದಿ, ಇವ್ರಿಗೂ ಕೇಳ್ಬೇಕು. ಆಸಿಡ್ ಹಾಕ್ತಾಳೆ ಅಂತ ಸೇರ್ದಾಗಿಂದ ನನ್ನ ನೀರಿನ್ ಡ್ರಮ್ ಹತ್ರ ಬಿಟ್ಟಿಲ್ಲ ಇವ್ರು.”

ಸುತ್ತಲಿನ ಹೆಂಗಸರು ತಲೆ ಎತ್ತಿದರು. ಹಬೀಬುಲ್ಲಾ ಕನ್ನಡಕ ಹಾಕಿಕೊಂಡು ಓದಿದ. ವೇಣುಗೋಪಾಲನ ಕನ್ನಡ ಕಲ್ಲುಮಣ್ಣಿನ ದಾರಿ. ‘ಸದರಿ’, ‘ಮೇಲ್ಕಂಡ’, ‘ವಿಷಾದಿಸುತ್ತದೆ’ ಎಂಬಲ್ಲೆಲ್ಲ ನಾಲಗೆ ಎಡವಿತು. ತಪ್ಪು ಅಭಿಪ್ರಾಯ ಕೊಟ್ಟ ಮೆಕ್ಯಾನಿಕ್ಕಿನ ಸಾಲು ಬಂದಾಗ ಅವನು ದನಿ ತಗ್ಗಿಸಲಿಲ್ಲ. ಮುಗಿಸಿದ ಮೇಲೆ ಮೊದಲ ಸಾಲಿನಲ್ಲಿದ್ದ ಒಬ್ಬ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ಅಲ್ಲಯ್ಯಾ, ನೋಡ್ದೇನೇ ಆಸಿಡ್ ಅಂದ್ನಲ್ಲ, ಆ ಮೆಕ್ಯಾನಿಕ್ ಯಾವ್ನು?”

“ನಾನೇ ಕಣಮ್ಮ,” ಎಂದ ಹಬೀಬುಲ್ಲಾ.

ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಗಿರಾಕಿಗಳನ್ನು ಅವನು ನೋಡುತ್ತಿದ್ದದ್ದೂ ಹೀಗೆಯೇ. ಮತ್ತೆ ಹೂವಿನ ಕಡೆ ತಿರುಗಿದಳು. ಅವಳ ಪಕ್ಕದವಳು ನಕ್ಕಳು, ಆಮೇಲೆ ಇನ್ನೂ ನಾಲ್ಕು ಜನ ನಕ್ಕರು. ಮುನಿಲಕ್ಷ್ಮಮ್ಮ ನಗಲಿಲ್ಲ. ಕಟ್ಟಿದ ಕಂತೆಯನ್ನು ಬುಟ್ಟಿಗೆ ಹಾಕಿ, ಬಾಗಿಲ ಹತ್ತಿರದ ಗುಲಾಬಿ ಮುಳ್ಳು ತಾಗದ ಹಾಗೆ ನೋಡಿಕೊಂಡು ಹೋಗಿ ಎಂದು ಅವನಿಗೆ ಹೇಳಿ, ಮುಂದಿನ ಕಂತೆ ಎತ್ತಿಕೊಂಡಳು.